ಗೃಹಸ್ಥರ ಅಂಗಳ: ಭೋಗವೆಷ್ಟು, ಉಪಭೋಗವೆಷ್ಟು?

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ವ್ರತವೂ ಒಂದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳ ಸಾಲಿನಲ್ಲಿ ಸೇರಿಸಿ, ಎರಡು ಮಾತುಗಳ ಅರ್ಥವನ್ನು ಬಿಡಿಸಿ ಹೇಳಿದ್ದಾರೆ. ಒಮ್ಮೆ ಬಳಸಿ ಬಿಡತಕ್ಕದ್ದು ಭೋಗ; ಅನ್ನ, ಹೂವು ಇಂಥವು. ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ. ಬಟ್ಟೆ, ಪಾತ್ರೆ ಇಂಥವು. ಎರಡಕ್ಕೂ ತಾನೇ ಒಂದು ಮಿತಿ ಹಾಕಿಕೊಂಡು ನಡೆಯುವುದು ಈ ವ್ರತದ ಸಾರ.

ಲೆಕ್ಕ ಬರೆಯುವುದು ನಮ್ಮ ಸಮಾಜದವರಿಗೆ ಹೊಸದಲ್ಲ. ಆ ಕಣ್ಣಿನಿಂದಲೇ ಒಮ್ಮೆ ನಮ್ಮ ಮನೆಯ ಕಸದ ಬುಟ್ಟಿಯನ್ನು ನೋಡೋಣ. ಲೋಟ, ತಟ್ಟೆ, ಚಮಚ, ಕೈಚೀಲ, ನೀರಿನ ಪಾತ್ರೆ ಇವೆಲ್ಲ ನಮ್ಮ ಅಜ್ಜಿಯರ ಕಾಲದಲ್ಲಿ ಉಪಭೋಗದ ವಸ್ತುಗಳು. ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ಲೋಟ ಮೊಮ್ಮಕ್ಕಳ ಕೈಗೂ ಬರುತ್ತಿತ್ತು. ಇಂದು ಅವೇ ವಸ್ತುಗಳು ಪ್ಲಾಸ್ಟಿಕ್ ಮತ್ತು ಕಾಗದದ ರೂಪ ತಾಳಿ ಭೋಗದ ಖಾತೆಗೆ ವರ್ಗವಾಗಿವೆ. ಐದು ನಿಮಿಷ ಬಳಸಿ ಎಸೆಯುತ್ತೇವೆ. ಅವುಗಳನ್ನು ತಿರುಗಿ ಉಪಭೋಗದ ಖಾತೆಗೆ ತರುವುದು ಹೇಗೆ ಎಂಬುದೇ ಈ ತಿಂಗಳ ನಮ್ಮ ವಿಷಯ.

ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಕಡೆಯ ನಮ್ಮ ವ್ಯಾಪಾರಿ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಪಚ್ಚೆ ಪಾರ್ಶ್ವನಾಥ ಸ್ವಾಮಿಯ ಬಸದಿಯಿಂದ ಪ್ರಸಿದ್ಧವಾದ ಪೆನುಕೊಂಡವನ್ನು ದೆಹಲಿ, ಕೊಲ್ಲಾಪುರ, ಜಿನಕಂಚಿಗಳೊಡನೆ ಜೈನರ ನಾಲ್ಕು ವಿದ್ಯಾಸ್ಥಾನಗಳಲ್ಲಿ ಒಂದೆಂದು ಪರಂಪರೆ ಎಣಿಸಿದೆ. 1565ರ ಯುದ್ಧದ ನಂತರ ವಿಜಯನಗರದ ಅರಸರಿಗೂ ಇದೇ ರಾಜಧಾನಿಯಾಯಿತು. ಆದರೆ ಈ ಸೀಮೆಗೆ ಮಳೆಯ ಭಾಗ್ಯ ಕಡಿಮೆ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಾತ್ರ. ಆದ್ದರಿಂದಲೇ ಹಿಂದಿನವರು ಬುಕ್ಕಪಟ್ಟಣ, ಧರ್ಮಾವರಗಳಂಥ ಕೆರೆಗಳನ್ನು ಕಟ್ಟಿಸಿದರು. ಇಂಥ ನೆಲದಲ್ಲಿ ಚರಂಡಿ, ಕಾಲುವೆಗಳಿಗೆ ಅಡ್ಡ ಕೂರುವ ಒಂದೊಂದು ಚೀಲವೂ ಕೆರೆಗೆ ಹೋಗಬೇಕಾದ ನೀರನ್ನು ತಡೆಯುತ್ತದೆ.

ಕಸ ಮನೆಯಲ್ಲಿ ಹುಟ್ಟುವುದಕ್ಕೆ ಮೊದಲು ಅಂಗಡಿಯಲ್ಲಿ ಹುಟ್ಟುತ್ತದೆ. ಗಲ್ಲಾಪೆಟ್ಟಿಗೆಯ ಈಚೆಗೂ ಆಚೆಗೂ ನಾವೇ ಇದ್ದೇವೆ. ಆದ್ದರಿಂದ ನಮ್ಮ ಹೊಣೆ ಇಮ್ಮಡಿ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿಗಳ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ಕಡೆಯವರಿಗೆ ಗೋಣಿಚೀಲದ ಬೆಲೆ ಹೇಳಿಕೊಡಬೇಕಾಗಿಲ್ಲ. ಹರಿದರೆ ದಬ್ಬಣ ಹಿಡಿದು ಹೊಲಿದು ಮತ್ತೆ ತುಂಬುತ್ತಿದ್ದರು. ಹಳೆಯ ಚೀಲಕ್ಕೂ ಲೆಕ್ಕವಿತ್ತು. ಅದೇ ಲೆಕ್ಕ ಚಿಲ್ಲರೆ ವ್ಯಾಪಾರದಲ್ಲಿ ಏಕೆ ತಪ್ಪಿತು? ದಿನಕ್ಕೆ 40 ಗಿರಾಕಿಗಳಿಗೆ ಒಂದೊಂದು ಚೀಲ ಕೊಟ್ಟರೆ 300 ದಿನಗಳಲ್ಲಿ 12,000 ಚೀಲ. ಮನೆಗೆ ದಿನಕ್ಕೆ ಎರಡು ಚೀಲ ಬಂದರೆ ವರ್ಷಕ್ಕೆ 730.

"ಚೀಲ ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ" ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಒಂದೇ ಬೀದಿಯ ಅಂಗಡಿಯವರು ಕೂಡಿ ಒಂದು ದಿನ ಗೊತ್ತುಮಾಡಿ ಎಲ್ಲರೂ ಒಟ್ಟಿಗೆ ನಿಲ್ಲಿಸುವುದು. ಇನ್ನೊಂದು, ಹಳೆಯ ಪಂಚೆ, ಸೀರೆಗಳಿಂದ ಊರಿನ ದರ್ಜಿಯ ಕೈಯಲ್ಲಿ ಚೀಲ ಹೊಲಿಸಿ, ಹಿಂದೆ ಸೋಡಾ ಬಾಟಲಿಗೆ ಹಿಡಿಯುತ್ತಿದ್ದಂತೆ ಠೇವಣಿ ಹಿಡಿದು ಕೊಡುವುದು. ಚೀಲ ಹಿಂತಿರುಗಿದರೆ ಹಣ ಹಿಂತಿರುಗುತ್ತದೆ. ಚೀಲ ತರಲೆಂದೇ ಗಿರಾಕಿಯೂ ಮತ್ತೆ ಅಂಗಡಿಗೆ ಬರುತ್ತಾನೆ.

ಕಾನೂನೂ ಇದನ್ನೇ ಹೇಳುತ್ತಿದೆ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳ್ಳಗಿನ ಪ್ಲಾಸ್ಟಿಕ್ ಕೈಚೀಲಗಳಿಗೆ ದೇಶದಲ್ಲೆಲ್ಲ ಅವಕಾಶವಿಲ್ಲ. ಅದೇ ವರ್ಷದ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೂ, ಅಲಂಕಾರದ ಥರ್ಮೋಕೋಲಿಗೂ, ಸಿಹಿ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗಳಿಗೆ ಸುತ್ತುವ ಹಾಳೆಗೂ, 100 ಮೈಕ್ರಾನ್‌ಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರ್‌ಗಳಿಗೂ ನಿಷೇಧ ಬಂದಿದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ನಮ್ಮ ಮದುವೆ, ಗೃಹಪ್ರವೇಶ, ಉತ್ಸವಗಳ ಸಾಮಾನಿನ ಪಟ್ಟಿಯೇ ಅಲ್ಲವೇ?

ಪ್ಲಾಸ್ಟಿಕ್ ಬಿಟ್ಟೆವು, ಈಗ ಕಾಗದದ ಲೋಟ ತರಿಸುತ್ತೇವೆ ಎಂದು ಕೆಲವರು ಸಮಾಧಾನ ಪಡುತ್ತಾರೆ. ಆ ಲೋಟದ ಒಳಗೂ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ಬಿಸಿ ಪಾನೀಯವನ್ನು 15 ನಿಮಿಷ ಬಿಟ್ಟರೆ 100 ಮಿಲಿಲೀಟರಿನೊಳಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರ ಐ.ಐ.ಟಿ.ಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದಾರೆ. ಅಂಗಡಿಯಲ್ಲಿ ಮೂವರು ದಿನಕ್ಕೆ ಎರಡು ಬಾರಿ ಚಹಾ ಕುಡಿದರೆ 300 ದಿನಕ್ಕೆ 1,800 ಲೋಟ ಬೇಕು. ಅದೇ ಕೆಲಸಕ್ಕೆ ಮೂರು ಸ್ಟೀಲ್ ಲೋಟ ಸಾಕು, ಅವೂ ಹತ್ತಾರು ವರ್ಷಕ್ಕೆ.

ನೀರಿನ ವಿಷಯದಲ್ಲಂತೂ ನಮ್ಮ ಆಚಾರವೇ ದಾರಿ ತೋರಿಸುತ್ತದೆ. ಬಟ್ಟೆಯಲ್ಲಿ ಸೋಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕಾಯಿಸಿದ ನೀರಿಗೆ 24 ಗಂಟೆ ಎಂದು ಹಿರಿಯರು ಮರ್ಯಾದೆ ಹೇಳಿದ್ದಾರೆ. ಮನೆಯಲ್ಲಿ ಈ ನಿಯಮ ಪಾಲಿಸುವವರು ಮದುವೆಯ ಮಂಟಪದಲ್ಲಿ ಎಂದೋ ತುಂಬಿ ಮುಚ್ಚಿದ ಬಾಟಲಿಯನ್ನು ಎಲೆಗೊಂದರಂತೆ ಇಡುವುದು ಹೇಗೆ ಹೊಂದುತ್ತದೆ? ಕಾಯಿಸಿ ಆರಿಸಿದ ನೀರನ್ನು ನಲ್ಲಿಯಿರುವ ಸ್ಟೀಲ್ ಡ್ರಮ್ಮುಗಳಲ್ಲಿಟ್ಟು, ಲೋಟಗಳನ್ನು ಜೋಡಿಸಿದರೆ ಆಚಾರವೂ ಉಳಿಯಿತು, ನೂರಾರು ಬಾಟಲಿಗಳೂ ಉಳಿದವು. ಪೆನುಕೊಂಡದ ಬಸದಿಗಾಗಲಿ ಬೇರೆ ಕ್ಷೇತ್ರಗಳಿಗಾಗಲಿ ಯಾತ್ರೆ ಹೊರಡುವ ಬಸ್ಸಿನಲ್ಲೂ ಒಂದು ಡ್ರಮ್ಮಿಗೆ ಜಾಗವಿದ್ದೇ ಇರುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ನೀರಿನ ಬರವಿರುವ ಊರಿನಲ್ಲಿ ಪಾತ್ರೆ ತೊಳೆಯಲು ನೀರೆಲ್ಲಿ? ಜಲಕಾಯ ಜೀವಗಳ ಹಿಂಸೆಯೂ ಆಯಿತಲ್ಲ? ಮನೆಯ ಮಟ್ಟಿಗೆ ಉತ್ತರ ಸುಲಭ. ತಟ್ಟೆಯಲ್ಲಿ ಅಗುಳು ಬಿಡದೆ ಉಂಡರೆ ತೊಳೆಯಲು ಕಡಿಮೆ ನೀರು ಸಾಕು. ಹರಿಯುವ ನಲ್ಲಿಯ ಬದಲು ಎರಡು ಬೋಗುಣಿಗಳಲ್ಲಿ ತೊಳೆದು, ಸೀಗೆಪುಡಿಯಲ್ಲಿ ಉಜ್ಜಿದ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದು. ದೊಡ್ಡ ಸಮಾರಂಭಕ್ಕೆ ಮುತ್ತುಗದ ಒಣ ಎಲೆಗಳನ್ನು ಹಚ್ಚಿದ ಊಟದೆಲೆಯೇ ಲೇಸು. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ಬಿಡುವವರಿಗೂ ಅದು ಹೊಂದುತ್ತದೆ. ಎಲೆ ಭೋಗದ ವಸ್ತುವೇ ನಿಜ, ಆದರೆ ಮಣ್ಣಿಗೆ ಸೇರಿ ಮಣ್ಣಾಗುವ ಭೋಗ.

ಇನ್ನೊಂದು ಪ್ರಶ್ನೆಯನ್ನು ನಮ್ಮ ಸಹೋದರಿಯರು ಕೇಳಿಯೇ ಕೇಳುತ್ತಾರೆ: ಇಷ್ಟು ಲೋಟ ತೊಳೆಯುವವರು ಯಾರು? ಮನೆಯ ಹೆಂಗಸರ ತಲೆಯ ಮೇಲೆ ಕೆಲಸ ಹೊರಿಸಿ ಗಂಡಸರು ವ್ರತಿಕರೆನಿಸಿಕೊಳ್ಳುವುದು ಧರ್ಮವಲ್ಲ. ಕುಡಿದವರು ತಮ್ಮ ಲೋಟ ತಾವೇ ತೊಳೆದಿಡಲಿ. ಅಂಗಡಿಯಲ್ಲಿ ಯಜಮಾನರೇ ಮೊದಲು ತೊಳೆದರೆ ಮಕ್ಕಳು, ಕೆಲಸದವರು ಹೇಳದೆಯೇ ಕಲಿಯುತ್ತಾರೆ.

ಅಡುಗೆಮನೆಯ ಕಸದ ಮಾತಿಗೆ ಬರೋಣ. ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬೀದಿಯ ಮೂಲೆಯಲ್ಲಿಡುವುದು ಅನೇಕ ಊರುಗಳ ರೂಢಿ. ಗಂಟು ಬಿಚ್ಚಲು ಹಸುವಿಗೆ ಕೈಯಿಲ್ಲ. ಅನ್ನದೊಡನೆ ಚೀಲವನ್ನೂ ನುಂಗುತ್ತದೆ. ಅದು ಜೀರ್ಣವಾಗದು, ಹೊರಗೂ ಬಾರದು. ಹೊಟ್ಟೆಯಲ್ಲಿ ಗಡ್ಡೆಕಟ್ಟಿ, ಮೇವಿಗೆ ಜಾಗವಿಲ್ಲದೆ ಹಸು ಸೊರಗುತ್ತದೆ. ಒಂದು ಕೈಯಲ್ಲಿ ಗೋಶಾಲೆಗೆ ದಾನ ಬರೆದು, ಇನ್ನೊಂದು ಕೈಯಲ್ಲಿ ಈ ಗಂಟು ಕಟ್ಟುವುದು ಯಾವ ಜೀವದಯೆ?

ಗೊಬ್ಬರ ಮಾಡಿದರೆ ಜೀವೋತ್ಪತ್ತಿಯಾಗುತ್ತದೆ ಎಂದು ಅಳುಕುವ ಮನೆಗಳಿವೆ. ಅವರ ಅಳುಕನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಂಥವರಿಗೆ ಕಸವೇ ಹುಟ್ಟದಂತೆ ನೋಡಿಕೊಳ್ಳುವುದು ಮೊದಲ ದಾರಿ: ಬೇಕಾದಷ್ಟೇ ತರುವುದು, ಬೇಕಾದಷ್ಟೇ ಬೇಯಿಸುವುದು. ಅಗತ್ಯಕ್ಕೆ ಮೀರಿ ಭೋಗ ಸಾಮಗ್ರಿ ಕೂಡಿಡುವುದನ್ನು ತತ್ತ್ವಾರ್ಥಸೂತ್ರ ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿ ಉಳಿದದ್ದೆಷ್ಟು ಎಂಬುದು ಬೆಳಕಿರುವಾಗಲೇ ತಿಳಿಯುತ್ತದೆ. ಕೆಡುವ ಮೊದಲೇ ಹಸಿದವರಿಗೋ, ಸಿಪ್ಪೆಯಾದರೆ ಹಸುವಿಗೋ ಬುಟ್ಟಿಯಲ್ಲಿ ಹಾಕಿ ಕೊಡಬಹುದು. ಮಿಕ್ಕ ಹಸಿ ಕಸ, ಒಣ ಕಸಗಳನ್ನು ಬೇರೆ ಬೇರೆ ಇಟ್ಟು ಕಸದ ಗಾಡಿಗೆ ಕೊಡಬೇಕು. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಪ್ರತಿಷ್ಠಾಪನಾ ಸಮಿತಿ. ಬಿಡತಕ್ಕದ್ದನ್ನು ಜೀವಬಾಧೆಯಾಗದ ಕಡೆ ನೋಡಿ ಬಿಡುವ ಎಚ್ಚರ. ಎಲ್ಲವನ್ನೂ ತ್ಯಜಿಸಿದವರಿಗೇ ಇಷ್ಟು ಎಚ್ಚರ ಬೇಕಾದರೆ, ದಿನಕ್ಕೊಂದು ಬುಟ್ಟಿ ಕಸ ಹೊರಹಾಕುವ ನಮಗೆ ಎಷ್ಟು ಬೇಕು!

ಎಲ್ಲವನ್ನೂ ಒಂದೇ ದಿನ ಬದಲಿಸಿ ಎಂದು ನಾವು ಹೇಳುವುದಿಲ್ಲ. ಜೀವನಪರ್ಯಂತ ಹಿಡಿಯುವುದು ಯಮ, ಕಾಲ ಗೊತ್ತುಮಾಡಿ ಹಿಡಿಯುವುದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಸಮಂತಭದ್ರರೇ ಮೆಟ್ಟಿಲುಗಳನ್ನು ಕೊಟ್ಟಿದ್ದಾರೆ. ಅದರಂತೆ ಹೀಗೆ ಹೆಜ್ಜೆ ಇಡಬಹುದು:

ಒಂದು ಪಕ್ಷ: ಮನೆಯಿಂದ ಚೀಲ ಒಯ್ಯದೆ ಪೇಟೆಗೆ ಹೋಗುವುದಿಲ್ಲ.
ಒಂದು ಮಾಸ: ಮನೆಯಲ್ಲೂ ಅಂಗಡಿಯಲ್ಲೂ ಎಸೆಯುವ ಲೋಟ ತರಿಸುವುದಿಲ್ಲ.
ಒಂದು ಋತು, ಅಂದರೆ ಎರಡು ತಿಂಗಳು: ಪ್ರಯಾಣದಲ್ಲಿ ಬಾಟಲಿ ನೀರು ಕೊಳ್ಳುವುದಿಲ್ಲ.
ಒಂದು ಅಯನ, ಅಂದರೆ ಆರು ತಿಂಗಳು: ನಮ್ಮ ಮನೆಯ ಯಾವ ಸಮಾರಂಭದಲ್ಲೂ ಪ್ಲಾಸ್ಟಿಕ್ ಬಳಸುವುದಿಲ್ಲ.

ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜಿಸುವಾಗ ಅದರ ಕೊನೆಯ ಪುಟದಲ್ಲಿ ಈ ನಿಯಮವನ್ನೂ ಬರೆದಿಡಿ. ಎಷ್ಟು ಚೀಲ ಉಳಿಯಿತು, ಎಷ್ಟು ಲೋಟ ಉಳಿಯಿತು ಎಂದು ತಿಂಗಳಿಗೊಮ್ಮೆ ಮಕ್ಕಳ ಕೈಯಲ್ಲೇ ಬರೆಸಿ. ಲಾಭದ ಲೆಕ್ಕವನ್ನು ಅವರು ಹೇಗೂ ಕಲಿಯುತ್ತಾರೆ. ಮಿತಿಯ ಲೆಕ್ಕವನ್ನು ನಾವೇ ಕಲಿಸಬೇಕು.

ಜೈ ಜಿನೇಂದ್ರ.