ಅವನು ಮೂಗನಲ್ಲ, ನೀವು ಕಿವುಡರು



ನಮ್ಮ ಬೇಗೂರಿನ ಕೇರೀಲಿ ಏಳು ವರ್ಷದ ಹುಡುಗ ಇದ್ದಾನೆ. ನನ್ನ ಅಕ್ಕನ ಮಗ. ಆಟಿಸಂ ಇದೆ, ಬಾಯಲ್ಲಿ ಮಾತು ಬರಲ್ಲ. ಸ್ಕೂಲಿಗೆ ಸೇರಿಸೋಕೆ ಹೋದ್ರೆ ಒಬ್ಬ ಮೇಷ್ಟ್ರು ಅಂದಿದ್ದು: "ನಿಮ್ ಕಡೆ ಮಕ್ಳೇ ಹಂಗೆ ಕನವ್ವ, ಮನೇಲೇ ಇರ್ಲಿ ಬುಡು." ಮೇಲ್ಬೀದಿ ಮಗುವಾಗಿದ್ರೆ ಡಾಕ್ಟರ ಹೆಸರು ಹೇಳಿ ಕಳಿಸ್ತಿದ್ರು. ನಮ್ಮ ಮಗೂನಲ್ಲಿ ಅವರಿಗೆ ಕಂಡಿದ್ದು ಜಾತಿ ಮಾತ್ರ.

ಮೈಸೂರಲ್ಲಿ ಆಯಿಷ್ ಇದೆ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ. ದೂರ ಏನಲ್ಲ, ನಂಜನಗೂಡು ದಾಟಿದ್ರೆ ಮೈಸೂರು. ಆದ್ರೆ ಥೆರಪಿಗೆ ಹೋದ ದಿನ ಅಕ್ಕನ ಕೂಲಿ ಹೋಯ್ತು ಅಂತಲೇ ಲೆಕ್ಕ.

ಚಿತ್ರ ಮುಟ್ಟಿದ್ರೆ ಮಗುವಿನ ಬದಲು ಮಾತಾಡೋ ಆ್ಯಪ್‌ಗಳು ಬಂದು ಎಷ್ಟೋ ವರ್ಷ ಆಯ್ತು. ಚೆನ್ನೈನವರ ಆವಾಜ್ ಇದೆ, ಐಐಟಿ ಬಾಂಬೆಯ ಜೆಲ್ಲೋ ಪುಕ್ಕಟೆ ಸಿಗುತ್ತೆ. "ಫೋನ್ ಕೊಟ್ರೆ ಇರೋ ಮಾತೂ ನಿಂತೋಗುತ್ತೆ" ಅಂತ ಹೆದರಿಸೋರಿಗೆ ಒಂದು ಮಾತು: ಮಾತಿಗೆ ಪೂರಕವಾದ ಬೇರೆ ಸಂವಹನ ವಿಧಾನ ಬಳಸಿದವರ ಮೇಲಿನ ಅಧ್ಯಯನಗಳನ್ನು 2006ರಲ್ಲಿ ಒಟ್ಟುಹಾಕಿ ನೋಡಿದಾಗ, 27 ಜನರಲ್ಲಿ ಒಬ್ಬರ ಮಾತೂ ಕಮ್ಮಿ ಆಗಿರಲಿಲ್ಲ. ಹೆಚ್ಚಿನವರ ಮಾತು ಸುಧಾರಿಸಿತ್ತು.

ನಾವು ಅಕ್ಕನ ಹಳೇ ಫೋನಲ್ಲಿ ನಮ್ಮದೇ ಫೋಟೋ ಹಾಕಿದ್ವಿ. ಮುದ್ದೆ, ನೀರು, ಅವ್ವ, ಮನೆ ಮುಂದಿನ ಆಡು. ದನಿ ಅವನ ಅಕ್ಕಂದು. ಪುಸ್ತಕದ 'ಬೇಡ' ಅಲ್ಲ, ನಮ್ಮ 'ಬ್ಯಾಡ'. ಮೂರನೇ ವಾರ ನಾನು ಎತ್ಕೊಂಡು ಮುತ್ತಿಡೋಕೆ ಹೋದೆ. ಫೋನ್ ಒತ್ತಿದ: "ಬ್ಯಾಡ." ನನಗೆ ಬೈಸ್ಕೊಂಡ ಖುಷಿ! ಏಳು ವರ್ಷ ಅವನು ಇದನ್ನೇ ಕಿರುಚಿ, ಕಚ್ಚಿ ಹೇಳ್ತಿದ್ದ. ನಾವು 'ಹಠ' ಅಂತಿದ್ವಿ.

ಇದು ಭಿಕ್ಷೆ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆ. ಮಾತಿಗೆ ಪೂರಕವಾದ ಬೇರೆ ಸಂವಹನ ವಿಧಾನಗಳನ್ನ ಉತ್ತೇಜಿಸಬೇಕು ಅಂತ ಅದರ 17ನೇ ಸೆಕ್ಷನ್ ಸರ್ಕಾರಕ್ಕೇ ಹೇಳುತ್ತೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಎಲ್ಲೆಲ್ಲಿಗೋ ಹರಿಯುತ್ತೆ. ನಮ್ಮ ಮಗುವಿಗೆ ಒಂದು ಟ್ಯಾಬ್, ನಮ್ಮ ಕನ್ನಡದ ದನಿ, ತಾಲ್ಲೂಕಲ್ಲೇ ವಾರಕ್ಕೊಂದು ದಿನ ಥೆರಪಿ ಅಂದ್ರೆ ಮಾತ್ರ ಲೆಕ್ಕ ಸಿಗಲ್ವಾ?

ನಮ್ಮವರಿಗೂ ಒಂದು ಮಾತು. ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಪತ್ರಿಕೆ ತಂದರು ಅಂತ ಭಾಷಣ ಮಾಡ್ತೀವಿ. ಸಭೆ ಮುಗಿಸಿ ಬಂದು ಇದೇ ಹುಡುಗನ್ನ "ಏಯ್ ಮೂಗ" ಅಂತ ಕರೀತೀವಿ. ನಾನೂ ಕರೆದಿದ್ದೆ.

ಅರ್ಜಿ ಬರೆದಿದ್ದೀನಿ. ಗುಂಡ್ಲುಪೇಟೆ, ಚಾಮರಾಜನಗರ ಕಡೆ ಇಂಥ ಮಕ್ಕಳಿರೋ ಮನೆಯವರು ಇನ್‌ಬಾಕ್ಸಿಗೆ ಬನ್ನಿ, ಒಟ್ಟಿಗೆ ಹೋಗಿ ಕೊಡೋಣ. ಅವನನ್ನೂ ಕರ್ಕೊಂಡು ಬರ್ತೀನಿ, ಫೋನ್ ಸಮೇತ.