ಪೊರಕೆ ಅಂದ್ರೆ ತಪ್ಪು, ಕಸಬರಿಗೆ ಅಂದ್ರೆ ಸರಿ

ಒಂದು ಹಾಳೆಯಲ್ಲಿ ನಾಲ್ಕು ಚಿತ್ರ: ಹಸು, ಛತ್ರಿ, ಬೀಗ, ಪೊರಕೆ. ಆಡಿಯಾಲಜಿಸ್ಟ್ ಮೇಡಂ ಬಾಯಿಗೆ ಕಾರ್ಡ್ ಅಡ್ಡ ಹಿಡಿದು ‘ಪೊರಕೆ’ ಅಂದರು. ನಮ್ಮ ಅಕ್ಕನ ಮಗ ಸುಮ್ಮನೆ ಕೂತಿದ್ದ. ಮತ್ತೊಮ್ಮೆ ‘ಪೊರಕೆ’ ಅಂದರು. ಅವನು ಮೇಡಂ ಮುಖ ನೋಡಿ, ಛತ್ರಿ ಮೇಲೆ ಬೆರಳಿಟ್ಟ. ಶೀಟಿನಲ್ಲಿ ಒಂದು ತಪ್ಪು ಬಿತ್ತು.

ಪಕ್ಕದಲ್ಲಿದ್ದ ನಮ್ಮವ್ವ ತಡೀಲಿಲ್ಲ. ಸೆರಗನ್ನ ಬಾಯಿಗೆ ಅಡ್ಡ ಹಿಡಿದು, ‘ಕಸಬರಿಗೆ ಎಲ್ಲೈತಿ ತಮ್ಮಾ?’ ಅಂದಳು. ಹುಡುಗ ತಕ್ಷಣ ಸರಿಯಾದ ಚಿತ್ರ ತೋರಿಸಿದ. ಮೇಡಂ ನಕ್ಕರು, ‘ನಿಮ್ಮ ಕಡೆ ಹಾಗಂತೀರಾ?’ ಅಂತ ಕೇಳಿದರು. ಆದರೆ ಪಟ್ಟಿಯಲ್ಲಿದ್ದ ಪದ ಪೊರಕೆ. ತಪ್ಪು ತಪ್ಪಾಗಿಯೇ ಉಳೀತು.

ನಮ್ಮೂರು ಚಿಗಟೇರಿ. ಹೆಸರು ಹೇಳಿದ್ರೆ ಎಷ್ಟೋ ಜನ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಅಂದ್ಕೊಳ್ತಾರೆ. ಊರಿರೋದು ಹರಪನಹಳ್ಳಿ ತಾಲ್ಲೂಕಿನಲ್ಲಿ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯ್ತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದ ಹಾಗೆ ನಮ್ಮ ಮಾತು ಬದಲಾಗಲಿಲ್ಲ. ಪೊರಕೆ ನಮಗೆ ಇವತ್ತಿಗೂ ಕಸಬರಿಗೆಯೇ. ಪರೀಕ್ಷೆ ಮಾಡಿಸಿದ್ದು ಮಾತ್ರ ದೂರದ ಬೇರೊಂದು ಊರಿನ ಸೆಂಟರ್‌ನಲ್ಲಿ.

ಆ ಹುಡುಗನಿಗೆ ಈಗ ಐದು ವರ್ಷ. ಹುಟ್ಟಿನಿಂದಲೇ ಕಿವಿ ಕೇಳ್ತಿರಲಿಲ್ಲ. ಮೂರನೇ ವರ್ಷದಲ್ಲಿ ಸರ್ಕಾರದ ಯೋಜನೆಯಡಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರು. ಕೇಂದ್ರದ ಎಡಿಪ್ ಯೋಜನೆಯಲ್ಲಿ ಒಂದು ಇಂಪ್ಲಾಂಟಿಗೆ ಮೊದಲು 6 ಲಕ್ಷ ರೂಪಾಯಿವರೆಗೆ ಕೊಡ್ತಿದ್ದರು. ಹಾಗಾಗಿ ಮನೆಯಲ್ಲಿ ಅದರ ಹೆಸರೇ ‘ಆರು ಲಕ್ಷದ ಮಷೀನು’. ಪರೀಕ್ಷೆಯ ರಿಸಲ್ಟ್ ನೋಡಿದ ಭಾವ ರಾತ್ರಿ ಊಟಕ್ಕೆ ಕೂತಾಗ ಅಂದರು: ‘ಎಲ್ಡು ವರ್ಷ ಆತು. ಇನ್ನೂ ಅರ್ಧಕ್ಕರ್ಧ ತಪ್ಪು ಅಂದ್ರ, ವಾರಾ ವಾರಾ ಕೂಲಿ ಬಿಟ್ಟು ಥೆರಪಿಗೆ ಯಾಕ ಹೋಗ್ಬೇಕು?’

ನಾವು ಈ ಲೇಖನ ಬರೀತಿರೋದು ಆ ಒಂದು ಮಾತಿಗಾಗಿ. ಆಪರೇಷನ್ ಮುಗಿದ ಮೇಲೆ ಇಂಪ್ಲಾಂಟ್ ಕೆಲಸ ಮಾಡ್ತಿದೆಯಾ ಅನ್ನೋದನ್ನ ಹೇಳೋದು ಪರೀಕ್ಷೆ. ಆ ಅಂಕ ನೋಡಿ ಮಷೀನಿನ ಸೆಟ್ಟಿಂಗ್ ಬದಲಾಗುತ್ತೆ, ಶಾಲೆ ಯಾವುದು ಅಂತ ತೀರ್ಮಾನ ಆಗುತ್ತೆ, ಮನೆಯವರ ಧೈರ್ಯ ಉಳಿಯುತ್ತೆ ಅಥವಾ ಹೋಗುತ್ತೆ. ಅಂಥ ಪರೀಕ್ಷೆ ಮಗು ಮನೆಯಲ್ಲಿ ಕೇಳೋ ಮಾತಿನಲ್ಲಿ ಇರಲೇಬೇಕು ಅನ್ನೋದು ನಮ್ಮ ವಾದ.

ಮೊದಲು ಮಷೀನಿನ ಒಳಗೆ ಏನಾಗುತ್ತೆ ನೋಡೋಣ. ಇದು ನಮ್ಮ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪಾಠವೇ. ಮೈಕ್‌ಗೆ ಬಂದ ಶಬ್ದವನ್ನ ಫಿಲ್ಟರ್ ಬ್ಯಾಂಕ್ ಬೇರೆ ಬೇರೆ ಬ್ಯಾಂಡ್‌ಗಳಾಗಿ ಒಡೆಯುತ್ತೆ. ಪ್ರತಿ ಬ್ಯಾಂಡಿನ ಎನ್ವೆಲಪ್ ತೆಗೆದು, ಅದರ ಏರಿಳಿತಕ್ಕೆ ತಕ್ಕಂತೆ ಕಾಕ್ಲಿಯಾದೊಳಗಿನ ಎಲೆಕ್ಟ್ರೋಡ್‌ಗಳಿಗೆ ಪಲ್ಸ್ ಕಳಿಸುತ್ತೆ. ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು 1991ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ ವಿಧಾನ ಇದು. ಆರೋಗ್ಯವಂತ ಕಿವಿಯಲ್ಲಿ ಈ ಕೆಲಸಕ್ಕೆ ಸುಮಾರು 3,500 ಒಳ ರೋಮಕೋಶಗಳಿವೆ. ಇಂಪ್ಲಾಂಟ್‌ನಲ್ಲಿ ಕಂಪನಿಗೆ ತಕ್ಕಂತೆ 12, 16 ಅಥವಾ 22 ಎಲೆಕ್ಟ್ರೋಡ್.

ಹೀಗಾಗಿ ಇಂಪ್ಲಾಂಟ್ ಕಾಲದ ವಿಷಯದಲ್ಲಿ ಜಾಣ, ಆವರ್ತನದ ವಿಷಯದಲ್ಲಿ ಮಂದ. ಯಾವ ಭಾಷೆ ಯಾವುದನ್ನ ನೆಚ್ಚಿಕೊಂಡಿದೆ ಅನ್ನೋದರ ಮೇಲೆ ಕಷ್ಟ ಬದಲಾಗುತ್ತೆ. ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ನಾಲ್ಕು ಸ್ವರದ ಧಾಟಿಗಳಿವೆ. ‘ಮಾ’ ಅನ್ನೋದನ್ನ ಒಂದೇ ಮಟ್ಟದಲ್ಲಿ ಎಳೆದರೆ ತಾಯಿ, ಇಳಿಸಿ ಏರಿಸಿದರೆ ಕುದುರೆ. ಈ ಧಾಟಿ ಪಿಚ್‌ನಲ್ಲಿದೆ, ಇಂಪ್ಲಾಂಟ್ ಸರಿಯಾಗಿ ದಾಟಿಸದೇ ಇರೋದೂ ಪಿಚ್ಚನ್ನೇ. ಇಂಗ್ಲಿಷ್ ಪರೀಕ್ಷೆ ಅನುವಾದ ಮಾಡಿ ಕೊಟ್ಟರೆ ಅಲ್ಲಿನ ಮಕ್ಕಳ ನಿಜವಾದ ತೊಂದರೆ ಕಾಣೋದೇ ಇಲ್ಲ.

ಅದಕ್ಕೇ ಅವರು ತಮ್ಮದೇ ಪರೀಕ್ಷೆ ಕಟ್ಟಿಕೊಂಡರು. ಗದ್ದಲದ ನಡುವೆ ವಾಕ್ಯ ಎಷ್ಟು ಕೇಳುತ್ತೆ ಅಂತ ಅಳೆಯೋ ‘ಹಿಂಟ್’ ಪರೀಕ್ಷೆ ಇಂಗ್ಲಿಷಿನಲ್ಲಿ 1994ರಲ್ಲಿ ಬಂತು. ಅದರ ಮ್ಯಾಂಡರಿನ್ ರೂಪ 2007ರಲ್ಲಿ ಬಂತು, ಅದೂ ಒಂದಲ್ಲ, ಎರಡು: ಚೀನಾದವರಿಗೆ ಒಂದು, ತೈವಾನಿನವರಿಗೆ ಒಂದು. ಭಾಷೆ ಒಂದೇ. ಆದರೆ ದಿನಬಳಕೆಯ ಪದ, ಉಚ್ಚಾರ ಬೇರೆ ಅಂತ ಎರಡು ಪಟ್ಟಿ ಮಾಡಿದರು.

ನಮ್ಮಲ್ಲೂ ಏನೂ ಆಗಿಲ್ಲ ಅಂತ ಹೇಳಿದರೆ ಅನ್ಯಾಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲೇ ಕನ್ನಡದ ಪದಪಟ್ಟಿ ಸಿದ್ಧಪಡಿಸಿದರು. ಕನ್ನಡದಲ್ಲಿ ಯಾವ ಧ್ವನಿ ಎಷ್ಟು ಬಳಕೆಯಲ್ಲಿದೆಯೋ ಪಟ್ಟಿಯಲ್ಲೂ ಅದೇ ಪ್ರಮಾಣದಲ್ಲಿ ಇರೋ ಹಾಗೆ ಪದ ಆರಿಸೋ ಕೆಲಸ ಅದು. 2014ರಲ್ಲಿ ಅದೇ ಸಂಸ್ಥೆಯಿಂದ ಗೀತಾ ಮತ್ತು ಸಂಗಡಿಗರ ಕನ್ನಡ ವಾಕ್ಯಗಳ ಪರೀಕ್ಷೆ ಬಂತು. ಇಂಥ ಕೆಲಸ ಎಷ್ಟು ತಾಳ್ಮೆಯದು ಅಂತ ಒಂದು ಲ್ಯಾಬ್ ರೆಕಾರ್ಡ್ ಬರೆಯೋಕೇ ಅಳೋ ನಮಗೆ ಚೆನ್ನಾಗಿ ಗೊತ್ತು.

ಕನ್ನಡದ ಕಿವಿ ಎಲ್ಲಿ ಎಡವುತ್ತೆ? ‘ಬಳೆ’ ಮತ್ತು ‘ಬಾಳೆ’ ನಡುವೆ, ‘ಹಳಿ’ ಮತ್ತು ‘ಹಳ್ಳಿ’ ನಡುವೆ ಮುಖ್ಯ ವ್ಯತ್ಯಾಸ ಕಾಲದ್ದು. ಅದನ್ನ ಮಷೀನ್ ಚೆನ್ನಾಗಿಯೇ ದಾಟಿಸುತ್ತೆ. ‘ಹುಲಿ’ ಮತ್ತು ‘ಹುಳಿ’, ‘ಕತ್ತು’ ಮತ್ತು ‘ಕಟ್ಟು’ ಹಾಗಲ್ಲ. ಅಲ್ಲಿ ನಾಲಿಗೆ ಎಲ್ಲಿ ತಾಗುತ್ತೆ ಅನ್ನೋದೇ ವ್ಯತ್ಯಾಸ, ಅದು ಆವರ್ತನದ ಸೂಕ್ಷ್ಮದಲ್ಲಿರುತ್ತೆ. ನಮ್ಮ ಹುಡುಗ ಬಳೆ, ಬಾಳೆ ತಪ್ಪೋದಿಲ್ಲ. ಹುಲಿ, ಹುಳಿ ದಿನಾ ತಪ್ತಾನೆ. ಮನೆಯಲ್ಲಿ ದಿನ ಬೆಳಿಗ್ಗೆ ಮಷೀನ್ ಸರಿ ಇದೆಯಾ ಅಂತ ನೋಡೋಕೆ ‘ಆ, ಊ, ಈ, ಶ್, ಸ್, ಮ್’ ಅಂತ ಆರು ಶಬ್ದ ಹೇಳಿಸ್ತಾರೆ, ಲಿಂಗ್ ಟೆಸ್ಟ್ ಅಂತ. ಒಳ್ಳೇದೇ. ಆದರೆ ಅದರಲ್ಲಿ ಟ ಇಲ್ಲ, ಳ ಇಲ್ಲ.

ಈಗ ಆ ಪೊರಕೆಗೆ ಬರೋಣ. ಹುಡುಗ ಮಾಡಿದ ತಪ್ಪುಗಳಲ್ಲಿ ಎರಡು ಜಾತಿ ಇತ್ತು. ಹುಳಿ ಅಂದ್ರೆ ಹುಲಿ ತೋರಿಸಿದ್ದು ಕಿವಿಯ ತಪ್ಪು. ಪೊರಕೆಗೆ ಸುಮ್ಮನಾಗಿದ್ದು ಪದದ ತಪ್ಪು, ಆ ಪದ ಅವನ ಮನೆಯಲ್ಲೇ ಇರಲಿಲ್ಲ. ಎರಡನ್ನೂ ಕೂಡಿಸಿ ಒಂದು ಪರ್ಸೆಂಟೇಜ್ ಬರೆದುಬಿಟ್ಟರೆ ಮಷೀನಿನದ್ದು ಯಾವುದು, ಪಟ್ಟಿಯದ್ದು ಯಾವುದು ಅಂತ ಭಾವನಿಗೆ ಹೇಗೆ ಗೊತ್ತಾಗ್ಬೇಕು?

‘ಊರಿಗೊಂದು ಪರೀಕ್ಷೆ ಮಾಡೋಕಾಗುತ್ತಾ? ಆಮೇಲೆ ಒಬ್ಬರ ಅಂಕವನ್ನ ಇನ್ನೊಬ್ಬರ ಜೊತೆ ಹೋಲಿಸೋದು ಹೇಗೆ?’ ಅಂತ ನಮ್ಮ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಊರಿಗೊಂದು ಬೇಡ. ಅಷ್ಟು ದೊಡ್ಡ ಮ್ಯಾಂಡರಿನ್‌ಗೇ ಎರಡು ಸಾಕಾಯ್ತು. ನಾವು ಕೇಳ್ತಿರೋದು ಇಷ್ಟು: ಚಿತ್ರ ತೋರಿಸೋ ಮೊದಲು ‘ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?’ ಅಂತ ತಾಯಿಯನ್ನ ಕೇಳಿ. ಮಗುವಿಗೆ ಗೊತ್ತಿಲ್ಲದ ಪದ ಇದ್ದರೆ ಅದನ್ನ ಬೇರೆ ಎಣಿಸಿ. ಅಂಕದ ಜೊತೆಗೆ ಯಾವ ಧ್ವನಿ ತಪ್ತು ಅಂತಲೂ ಬರೆದುಕೊಡಿ.

ಇನ್ನೊಂದು ಮಾತು, ಇದು ನಮಗೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮ ಕ್ಲಾಸಿನಲ್ಲಿ ರಜೆಗೆ ‘ಹಲ್ಲಿಗೆ’ ಹೋಗೋರು ತುಂಬಾ ಜನ ಇದ್ದಾರೆ. ಹಳ್ಳಿ ಅಂತ ಅವರ ಅರ್ಥ. ನಾವೂ ಅಷ್ಟೇ, ಪಿಯುಸಿವರೆಗೂ ಅದೇ ಗುಂಪು. ಇಂಪ್ಲಾಂಟ್ ಹಾಕಿದ ಮಗುವಿಗೆ ಲ, ಳ ಬೇರೆ ಅಂತ ಕಲಿಯೋಕೆ ಅದನ್ನ ಬೇರೆ ಬೇರೆಯಾಗಿ ಹೇಳೋ ಬಾಯಿಗಳು ಸುತ್ತಲೂ ಬೇಕು. ನಮ್ಮವ್ವ ಶಾಲೆ ಮೆಟ್ಟಿಲು ಹತ್ತಿಲ್ಲ, ಆದರೆ ಆ ಹುಡುಗನಿಗೆ ಅವಳಷ್ಟು ಒಳ್ಳೆ ಟೀಚರ್ ಬೇರೆ ಯಾರೂ ಇಲ್ಲ.

ನಮ್ಮ ಕನ್ನಡ ಸಂಘಕ್ಕೆ ಒಂದು ಪ್ರಸ್ತಾಪ ಇದೆ. ಈ ರಾಜ್ಯೋತ್ಸವಕ್ಕೆ ಡಿಜೆ, ಫ್ಲಾಶ್‌ಮಾಬ್ ಇರಲಿ. ಜೊತೆಗೆ ಐವತ್ತು ಚಿತ್ರಗಳ ಒಂದು ಫಾರ್ಮ್ ಮಾಡೋಣ. ಬೀದರ್‌ನಿಂದ ಚಾಮರಾಜನಗರದವರೆಗೆ ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲಾ ಜಿಲ್ಲೆಯವರೂ ಇದ್ದೀವಿ. ಪ್ರತಿಯೊಬ್ಬರೂ ಮನೆಗೆ ಫೋನ್ ಮಾಡಿ, ಅವ್ವ, ಅಜ್ಜಿ ಆ ಚಿತ್ರಗಳಿಗೆ ಏನಂತಾರೆ ಅಂತ ಬರೆದು, ಅವರು ಒಪ್ಪಿದರೆ ರೆಕಾರ್ಡ್ ಮಾಡೋಣ. ಪರೀಕ್ಷೆ ಮಾಡೋದು ನಮ್ಮ ಕೆಲಸ ಅಲ್ಲ, ಅದು ಆಡಿಯಾಲಜಿಸ್ಟ್‌ಗಳದ್ದು. ತಾಲ್ಲೂಕುವಾರು ಪದಗಳ ಪಟ್ಟಿಯನ್ನ ಅವರ ಕೈಗೆ ಕೊಡೋದು ನಮ್ಮಿಂದ ಆಗುತ್ತೆ.

ಭಾವನಿಗೆ ಇದನ್ನೆಲ್ಲ ಹೇಳೋಕೆ ಫಿಲ್ಟರ್ ಬ್ಯಾಂಕ್ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಹುಡುಗನನ್ನ ಬೆನ್ನು ತಿರುಗಿಸಿ ನಿಲ್ಲಿಸಿ, ‘ನೀವೇ ಕರೀರಿ ಭಾವ’ ಅಂದ್ವಿ. ಅವರು ಮೆಲ್ಲಗೆ, ‘ತಮ್ಮಾ, ಕಸಬರಿಗೆ ತಗೊಂಬಾ’ ಅಂದರು. ಹುಡುಗ ಒಳಗೆ ಹೋಗಿ ಬಾಗಿಲ ಹಿಂದಿನ ಕಸಬರಿಗೆ ಎಳ್ಕೊಂಡು ಬಂದ. ಆ ವಾರ ಭಾವ ಥೆರಪಿಗೆ ತಾವೇ ಕರ್ಕೊಂಡು ಹೋದರು.