ಫೇರಿ ಲೈಟ್ ಹಾಕ್ಸಿದ್ರಿ ಸರಿ, ಬ್ರೇಕ್ ಆಯಿಲ್ ಯಾವಾಗ ಬದಲಾಯ್ಸಿದ್ರಿ?

1/10
ಮೊದಲನೇ ಫೋಟೋ ನೋಡಿದ್ರಲ್ಲ? ವ್ಯಾನಿನ ಹಿಂಬಾಗಿಲು ತೆರೆದಿದೆ. ಒಳಗೆ ಮರದ ಪಟ್ಟಿ, ಬಿಳಿ ಹಾಸಿಗೆ, ಹಳದಿ ಲೈಟು. ಆಚೆ ಆಗುಂಬೆಯ ಮಂಜು. ನನ್ನ ಪೇಜಲ್ಲಿ ಅತಿ ಹೆಚ್ಚು ಲೈಕ್ ಬಂದ ಫೋಟೋ ಅದು. "ಗುರು, ಯಾರ ಗಾಡಿ? ನಂಬರ್ ಕಳ್ಸು" ಅಂತ ನಿಮ್ಮಲ್ಲಿ ಎಷ್ಟೋ ಜನ ಮೆಸೇಜ್ ಹಾಕಿದ್ದೀರಿ.

ಈಗ ಪಕ್ಕಕ್ಕೆ ಸರಿಸಿ, ಎರಡನೇ ಫೋಟೋ ನೋಡಿ. ಅದೇ ಗಾಡಿ, ಎರಡು ಗಂಟೆ ಆದ ಮೇಲೆ. ಮುಂದಿನ ಚಕ್ರ ಗುಡ್ಡದ ಬದಿಯ ಚರಂಡಿಯಲ್ಲಿದೆ, ಚಕ್ರದಿಂದ ಹೊಗೆ ಬರ್ತಿದೆ. ಇದನ್ನ ನಾನು ಇಷ್ಟು ದಿನ ಹಾಕಿರಲಿಲ್ಲ. ನಂಬರ್ ಕೇಳಿದವರಿಗೆ ಉತ್ತರ ಕೊಡದೆ ಸುಮ್ಮನಿದ್ದೆ. ಈ ಸರಣಿಯೇ ನನ್ನ ಉತ್ತರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಪರೀಕ್ಷೆ ಮುಗೀತಾ ಇದೆ, ಎಲ್ಲ ಗ್ಯಾಂಗೂ ಟ್ರಿಪ್ ಪ್ಲಾನ್ ಮಾಡ್ತಿದೆ ಅಂತ ಗೊತ್ತು.

2/10
ನಡೆದದ್ದು ಇಷ್ಟು. ನಾವು ಒಂಬತ್ತು ಜನ. ಟೆಂಪೋ ವ್ಯಾನನ್ನು ಕ್ಯಾಂಪರ್ ಮಾಡಿಸಿ ಬಾಡಿಗೆಗೆ ಬಿಡುವ ಒಬ್ಬರ ಹತ್ತಿರ ಗಾಡಿ ತಗೊಂಡ್ವಿ. ಚೌಕಾಸಿ ಮಾಡಿ ಮೂರು ಸಾವಿರ ಇಳಿಸಿದ್ವಿ. ಇಳಿಸಿದವನು ನಾನೇ, ಅದಕ್ಕೆ ಗ್ರೂಪಲ್ಲಿ ಚಪ್ಪಾಳೆ ಇಮೋಜಿ ಬೇರೆ ಬಿದ್ದಿತ್ತು.

ತೀರ್ಥಹಳ್ಳಿ ದಾಟುವ ಮೊದಲೇ ಎಂಜಿನ್ ಎರಡು ಸಲ ಆಫ್ ಆಯ್ತು. "ಡೀಸೆಲ್ ಫಿಲ್ಟರ್ ಇರ್ಬೇಕು, ಹೋಗತ್ತೆ ಬಿಡಿ" ಅಂದ್ರು ಡ್ರೈವರ್ ಅಣ್ಣ. ಸ್ಟಾರ್ಟ್ ಆಯ್ತು, ಹೋದ್ವಿ. ಸನ್‌ಸೆಟ್ ಪಾಯಿಂಟಲ್ಲಿ ಆ ಮೊದಲನೇ ಫೋಟೋ ತೆಗೆದ್ವಿ. ಆಮೇಲೆ ಘಾಟಿ ಇಳಿಯಲು ಶುರು. ಒಂದೆರಡು ತಿರುವು ಆದಮೇಲೆ ಸುಟ್ಟ ವಾಸನೆ ಬಂತು. ನಾನು ಮೆಕ್ಯಾನಿಕಲ್ ಓದುವವನು. ಅದು ಯಾವ ವಾಸನೆ ಅಂತ ನನಗೆ ಗೊತ್ತಿತ್ತು. ಆದ್ರೆ ಮುಂದಿನ ಸೀಟಲ್ಲಿ ರೀಲ್ ರೆಕಾರ್ಡ್ ಆಗ್ತಿತ್ತು, ಹಾಡು ನಡೀತಿತ್ತು. ಮಧ್ಯೆ ಬಾಯಿ ಹಾಕಿದ್ರೆ "ಬಂದ ನೋಡು ಪ್ರೊಫೆಸರ್ರು" ಅಂತಾರೆ ಅಂತ ಸುಮ್ಮನಾದೆ.

ಇನ್ನೆರಡು ತಿರುವಿಗೆ ಎಂಜಿನ್ ಮೂರನೇ ಸಲ ಆಫ್ ಆಯ್ತು. ಗಾಡಿ ನ್ಯೂಟ್ರಲ್ಲಲ್ಲಿತ್ತು. ಅಣ್ಣ ಬ್ರೇಕ್ ಮೇಲೆ ಎದ್ದು ನಿಂತಂಗೆ ಒತ್ತಿದ್ರೂ ಪೆಡಲ್ ಮರದ ತುಂಡಿನ ಹಾಗೆ ಗಟ್ಟಿ. ಸ್ಟೇರಿಂಗ್ ತಿರುಗಿಸೋಕೆ ಎರಡೂ ಕೈ ಬೇಕಾಯ್ತು. ಕೊನೆಗೆ ಸೆಕೆಂಡ್ ಗೇರಿಗೆ ತುರುಕಿ, ಹ್ಯಾಂಡ್ ಬ್ರೇಕ್ ಎಳೆದು, ಬೇಕಂತಲೇ ಗುಡ್ಡದ ಕಡೆ ಚರಂಡಿಗೆ ಇಳಿಸಿದ್ರು. ನಮ್ಮ ಹುಡುಗನೊಬ್ಬನ ಮಣಿಕಟ್ಟು ಮುರೀತು. ಉಳಿದವರಿಗೆ ತರಚು ಗಾಯ. ಇನ್ನೊಂದು ಬದಿ ಏನಿದೆ ಅಂತ ಆಗುಂಬೆ ನೋಡಿದವರಿಗೆ ನಾನು ಹೇಳ್ಬೇಕಿಲ್ಲ.

3/10
"ಬ್ರೇಕ್ ಫೇಲ್ ಆಯ್ತು" ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸ್ತಾರೆ. ಹಾಗೆ ಮುಗಿಸಿದ್ರೆ ತಪ್ಪು ಯಾರದೂ ಅಲ್ಲ, ವಿಧಿದು ಅನ್ನೋ ಹಾಗೆ ಆಗತ್ತೆ. ಸ್ವಲ್ಪ ಲೆಕ್ಕ ಹಾಕೋಣ.

ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಮೇಲಿದೆ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರಕ್ಕೆ ಬರುವಷ್ಟರಲ್ಲಿ 500 ಮೀಟರಿಗೂ ಹೆಚ್ಚು ಕೆಳಗೆ ಬಂದಿರ್ತೀರಿ. ಗಾಡಿ ತೂಕ 3,500 ಕೆಜಿ ಅಂತಿಟ್ಕೊಳ್ಳಿ. ಎಂಜಿಹೆಚ್ ಹಾಕಿ, ಪಿಯುಸಿಯಲ್ಲಿ ಮಾಡಿದ್ದೇ. ಸುಮಾರು 1 ಕೋಟಿ 70 ಲಕ್ಷ ಜೂಲ್. ಕರೆಂಟ್ ಬಿಲ್ ಭಾಷೆಯಲ್ಲಿ ನಾಲ್ಕೂಮುಕ್ಕಾಲು ಯೂನಿಟ್. 20 ನಿಮಿಷದಲ್ಲಿ ಇಳಿದ್ರೆ, ಹಾಸ್ಟೆಲಲ್ಲಿ ಕದ್ದುಮುಚ್ಚಿ ಬಕೆಟ್ಟಿಗೆ ಹಾಕ್ತೀವಲ್ಲ 1,500 ವ್ಯಾಟಿನ ಕಾಯಿಲ್, ಅಂಥದ್ದು ಒಂಬತ್ತು ಒಟ್ಟಿಗೆ ಉರಿದಷ್ಟು ಶಾಖ. ಒಂದಿಷ್ಟನ್ನ ಗಾಳಿ, ಟೈರು ತಿಂತಾವೆ. ಉಳಿದದ್ದು ಎಲ್ಲಿಗೆ ಹೋಗ್ಬೇಕು? ಗೇರಲ್ಲಿ ಇಳಿದ್ರೆ ದೊಡ್ಡ ಪಾಲು ಎಂಜಿನ್ ನುಂಗತ್ತೆ. ನ್ಯೂಟ್ರಲ್ಲಲ್ಲಿ ಇಳಿದ್ರೆ ಅಷ್ಟೂ ಬ್ರೇಕಿನ ಪಾಲು.

4/10
ಬ್ರೇಕ್ ಕೈಕೊಡೋದ್ರಲ್ಲಿ ಮೂರು ಬಗೆ ಇದೆ. ಕಾಲಿಗೆ ಮೂರೂ ಬೇರೆ ಬೇರೆ ಥರ ಗೊತ್ತಾಗತ್ತೆ. ಕಲ್ತಿಟ್ಕೊಳ್ಳಿ.

ಒಂದು: ಪೆಡಲ್ ಎಂದಿನಂತೆ ಇದೆ, ಆದ್ರೆ ಗಾಡಿ ನಿಲ್ತಿಲ್ಲ. ಪ್ಯಾಡ್, ಲೈನರ್ ಕಾದು ಹಿಡಿತ ಕಳ್ಕೊಂಡಿವೆ. ವಾಸನೆ ಮೊದಲೇ ಬಂದಿರತ್ತೆ.

ಎರಡು: ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗತ್ತೆ. ಬ್ರೇಕ್ ಆಯಿಲ್ ಕುದ್ದು ಆವಿ ಆಗಿದೆ. ಆವಿಯನ್ನ ಒತ್ತಿದ್ರೆ ಕುಗ್ಗತ್ತೆ, ಒತ್ತಡ ಚಕ್ರಕ್ಕೆ ತಲುಪಲ್ಲ. ಹೊಸ ಡಾಟ್-3 ಆಯಿಲ್ ಕುದಿಯೋದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿಗೆ. ಅದೇ ಆಯಿಲ್ ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯತ್ತೆ. ಬಾಟಲಿ ತುಂಬ ಇದ್ದ ಮಾತ್ರಕ್ಕೆ ಆಯಿಲ್ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಮೂರು: ಪೆಡಲ್ ಕಲ್ಲಾಗತ್ತೆ. ಇದು ನಮಗಾದದ್ದು. ನಿಮ್ಮ ಕಾಲಿನ ಬಲವನ್ನ ಹೆಚ್ಚಿಸಿ ಕೊಡೋದು ವ್ಯಾಕ್ಯೂಮ್ ಬೂಸ್ಟರ್. ಡೀಸೆಲ್ ಗಾಡಿಯಲ್ಲಿ ಅದಕ್ಕೆ ಬೇಕಾದ ವ್ಯಾಕ್ಯೂಮ್ ಕೊಡೋ ಪಂಪು ಓಡೋದು ಎಂಜಿನ್ನಿಂದ. ಎಂಜಿನ್ ನಿಂತ್ರೆ ಒಂದೆರಡು ಸಲ ಒತ್ತೋವಷ್ಟು ಉಳಿದಿರತ್ತೆ, ಆಮೇಲೆ ಇಲ್ಲ.

ಹಾಗಾಗಿ ಎಂಜಿನ್ ಸಮಸ್ಯೆ ಬೇರೆ, ಬ್ರೇಕ್ ಸಮಸ್ಯೆ ಬೇರೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ದಾರೀಲಿ ಎರಡು ಸಲ ನಿಂತ ಎಂಜಿನ್, ಘಾಟಿಯಲ್ಲಿ ಬ್ರೇಕನ್ನೂ ಕರ್ಕೊಂಡು ಹೋಗತ್ತೆ.

5/10
"ನ್ಯೂಟ್ರಲ್ ಹಾಕಿದ್ರೆ ಡೀಸೆಲ್ ಉಳಿಯತ್ತೆ ಕಣೋ, ಎಲ್ಲರೂ ಹಾಗೇ ಇಳಿಸ್ತಾರೆ."

ಉಳಿಯಲ್ಲ. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್ನಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಇಂಧನವೇ ಕಟ್ ಆಗತ್ತೆ, ಚಕ್ರವೇ ಎಂಜಿನ್ನನ್ನ ತಿರುಗಿಸ್ತಾ ಇರತ್ತೆ. ನ್ಯೂಟ್ರಲ್ಲಲ್ಲಿ ಎಂಜಿನ್ ತಾನೇ ಉರಿದುಕೊಂಡು ಐಡಲ್ ಇರ್ಬೇಕು, ಅದಕ್ಕೇ ಡೀಸೆಲ್ ಬೇಕು. ಇನ್ನೂ ಮುಖ್ಯವಾದ ಮಾತು: ಗೇರಲ್ಲಿದ್ದಾಗ ಎಂಜಿನ್ ಆಫ್ ಆದ್ರೂ ಚಕ್ರ ಅದನ್ನ ತಿರುಗಿಸ್ತಾನೇ ಇರತ್ತೆ, ವ್ಯಾಕ್ಯೂಮ್ ಪಂಪೂ ತಿರುಗತ್ತೆ. ಅಂದ್ರೆ ನಮ್ಮ ಗಾಡಿ ಸೆಕೆಂಡ್ ಗೇರಲ್ಲಿದ್ದಿದ್ರೆ ಮೂರನೇ ಸಲ ಎಂಜಿನ್ ಆಫ್ ಆದದ್ದು ಬರೀ ಒಂದು ಜರ್ಕ್ ಆಗಿ ಮುಗೀತಿತ್ತು.

ನಮ್ಮ ಮಾವ ಬಸ್ ಡ್ರೈವರ್. ಘಾಟಿ ರೂಟಲ್ಲೇ ತಲೆ ನೆರೆಸಿಕೊಂಡವರು. ಅವರಿಗೆ ಈ ಇಂಜೆಕ್ಷನ್ ಕಥೆ ಏನೂ ಬೇಡ. "ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ಬ್ರೇಕ್ ಇರೋದು ತಿರುವಿಗೆ, ಇಳಿಜಾರಿಗಲ್ಲ" ಅಂತಾರೆ.

6/10
ಹಾಗಾದ್ರೆ ತಪ್ಪು ಡ್ರೈವರ್ ಅಣ್ಣಂದಾ? ಮಾಲೀಕರು ಫೋನಲ್ಲಿ ಹೇಳಿದ್ದು ಅದೇ. "ಅವನಿಗೆ ಓಡಿಸೋಕೆ ಬರಲ್ಲ."

ನಾನು ಒಪ್ಪಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಆ ಅಣ್ಣ ಹೇಳಿದ್ದು ಕೇಳಿ. ಹಿಂದಿನ ರಾತ್ರಿ ಇನ್ನೊಂದು ಟ್ರಿಪ್ ಮುಗಿಸಿ ಬಂದು ನಾಲ್ಕು ಗಂಟೆ ಮಲಗಿದ್ರಂತೆ. ಹೇಳಿದ ಮೈಲೇಜ್ ಬರದಿದ್ರೆ ಬಾಟಾದಲ್ಲಿ ಹಿಡೀತಾರಂತೆ. ಅದಕ್ಕೇ ನ್ಯೂಟ್ರಲ್. ಎಂಜಿನ್ ಆಫ್ ಆಗ್ತಿದೆ ಅಂತ ಹದಿನೈದು ದಿನ ಮೊದಲೇ ಹೇಳಿದ್ರಂತೆ. "ಸೀಸನ್ ಮುಗೀಲಿ" ಅಂದ್ರಂತೆ. ಆ ಹದಿನೈದು ದಿನದಲ್ಲಿ ಗಾಡಿಗೆ ಆದ ಖರ್ಚು ಒಂದೇ, ಹೊಸ ಲೈಟಿನ ಸರ.

ಕೊನೇ ಗಳಿಗೆಯಲ್ಲಿ ಪ್ರಪಾತದ ಬದಿ ಬಿಟ್ಟು ಚರಂಡಿ ಆರಿಸಿಕೊಂಡು ಒಂಬತ್ತು ಜನರನ್ನ ಉಳಿಸಿದವರೂ ಅವರೇ. ಅವರು ಮಾಡಿದ್ದರಲ್ಲಿ ತಪ್ಪಿದೆ. ಆದ್ರೆ ಅಂಥ ಗಾಡಿ ಕೊಟ್ಟು, ನಿದ್ದೆ ಕಿತ್ತು, ಡೀಸೆಲ್ ಎಣಿಸಿ ಕಳಿಸಿದವರದು ಅದಕ್ಕಿಂತ ದೊಡ್ಡದು.

7/10
ಈಗ ಗಾಡಿ ಕಟ್ಟೋರ ಹತ್ತಿರ ಬರೋಣ. ವ್ಯಾನಿನ ಬ್ರೇಕನ್ನು ಒಂದು ನಿಗದಿತ ಒಟ್ಟು ತೂಕಕ್ಕೆ ಅಂತ ಲೆಕ್ಕ ಹಾಕಿ ಮಾಡಿರ್ತಾರೆ. ಅದನ್ನ ಮೀರಿದ್ರೆ ಬ್ರೇಕು ಅದೇ ಇರತ್ತೆ, ಶಾಖ ಹೆಚ್ಚಾಗತ್ತೆ. 100 ಲೀಟರ್ ನೀರಿನ ಟ್ಯಾಂಕ್ ಅಂದ್ರೆ ನೂರು ಕೆಜಿ. ಎರಡು ದೊಡ್ಡ ಇನ್ವರ್ಟರ್ ಬ್ಯಾಟರಿ, ಇನ್ನೊಂದು ನೂರು. ಎಸಿ, ಫ್ರಿಜ್, ಜನರೇಟರ್, ಪ್ಲೈವುಡ್ ಮಂಚ, ಮೇಲೆ ಟೆಂಟು, ಒಳಗೆ ನಾವು ಒಂಬತ್ತು ಜನ, ನಮ್ಮ ಬ್ಯಾಗು. 3,500 ಕೆಜಿ ಗಾಡಿಗೆ 500 ಕೆಜಿ ಹೆಚ್ಚಾದ್ರೆ ಬ್ರೇಕಿನ ಕೆಲಸ ಏಳನೇ ಒಂದು ಪಾಲು ಹೆಚ್ಚಾಯ್ತು. ಬ್ರೇಕಿಗೆ ಮಾತ್ರ ಯಾರೂ ಕೈ ಹಚ್ಚಿಲ್ಲ.

ಇದು ನಮ್ಮ ದೇಶದ ಜುಗಾಡು ಅಂತ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ವರ್ಕ್‌ಹಾರ್ಸ್ ಕಂಪನಿಯ ಡಬ್ಲ್ಯು20, ಡಬ್ಲ್ಯು22 ಅನ್ನೋ ಮೋಟಾರ್ ಹೋಮ್ ಚಾಸಿಸ್‌ಗಳನ್ನ ಬ್ರೇಕ್ ಕ್ಯಾಲಿಪರ್ ದೋಷಕ್ಕೆ ರಿಕಾಲ್ ಮಾಡಬೇಕಾಗಿ ಬಂತು. ಕಾಲು ತೆಗೆದ ಮೇಲೂ ಪ್ಯಾಡ್ ಪೂರ್ತಿ ಬಿಡದೆ ಉಜ್ಜುತ್ತಾ ಕಾಯುವ ದೋಷ ಅದು. ಭಾರ ಒಂದು ಕಡೆ, ತಿಂಗಳುಗಟ್ಟಲೆ ನಿಂತೇ ಇರೋದು ಇನ್ನೊಂದು ಕಡೆ. ಮೋಟಾರ್ ಹೋಮ್ ಅನ್ನೋದಕ್ಕೆ ಈ ಎರಡೂ ಶತ್ರು. ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಗಾಡಿಯ ಕ್ಯಾಲಿಪರ್ ತುಕ್ಕು ಹಿಡಿಯತ್ತೆ, ಬ್ರೇಕ್ ಆಯಿಲ್ ತೇವ ಕುಡಿಯತ್ತೆ, ಡೀಸೆಲ್ ಟ್ಯಾಂಕಲ್ಲಿ ನೀರು ಸೇರತ್ತೆ. "ಕಡಿಮೆ ಓಡಿದೆ ಸಾರ್, ಹೊಸದರ ಹಾಗಿದೆ" ಅನ್ನೋದು ಹೊಗಳಿಕೆ ಅಲ್ಲ.

8/10
ಕಾನೂನು ಇಲ್ವಾ? ಇದೆ. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿಯನ್ನ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಮೋಟಾರ್ ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಇದೆ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗ್ಬೇಕು.

ಬಿಳಿ ಬೋರ್ಡ್ ಗಾಡಿಯ ನೋಂದಣಿ ಮಾತ್ರ 15 ವರ್ಷಕ್ಕೆ. ಅಂದ್ರೆ ಬಿಳಿ ಬೋರ್ಡಲ್ಲೇ ಬಾಡಿಗೆ ಓಡಿಸಿದ್ರೆ ಆ 15 ವರ್ಷ ಅದರ ಬ್ರೇಕನ್ನ ಯಾವ ಅಧಿಕಾರಿಯೂ ಕಡ್ಡಾಯವಾಗಿ ನೋಡ್ಬೇಕಿಲ್ಲ. ಬಾಡಿಗೆ ಕಡಿಮೆ ಯಾಕೆ ಅಂತ ಈಗ ಗೊತ್ತಾಯ್ತಾ? ನಮ್ಮ ಗಾಡಿಯ ಬೋರ್ಡ್ ಬಣ್ಣ ಮೊದಲನೇ ಫೋಟೋದಲ್ಲೇ ಇದೆ. ಝೂಮ್ ಮಾಡಿ. ನಾವ್ಯಾರೂ ಮಾಡಿರಲಿಲ್ಲ.

9/10
"ಅಯ್ಯೋ, ಮಜಾ ಹಾಳು ಮಾಡ್ಬೇಡ ಕಣೋ. ಇಷ್ಟೆಲ್ಲ ನೋಡಿದ್ರೆ ಟ್ರಿಪ್ಪೇ ಹೋಗೋಕಾಗಲ್ಲ." ಹೋಗ್ಬೇಡಿ ಅಂತ ಹೇಳ್ತಿಲ್ಲ. ಹೋಗಿ. ಹೊರಡೋ ಮೊದಲು ಹತ್ತು ನಿಮಿಷ ಕೊಡಿ.

• ಗಾಡಿ ನಂಬರನ್ನ ಎಂಪರಿವಾಹನ್ ಆ್ಯಪಲ್ಲಿ ಹಾಕಿ. ಎಫ್‌ಸಿ, ಇನ್ಶೂರೆನ್ಸ್ ಯಾವತ್ತಿನವರೆಗಿದೆ ನೋಡಿ. ಬಿಳಿ ಬೋರ್ಡ್ ಆದ್ರೆ ಅಲ್ಲಿಗೇ ಬಿಡಿ.
• ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ ಬಿಲ್ ಕೇಳಿ. ಎರಡು ವರ್ಷ ದಾಟಿದ್ರೆ ಬೇಡ. ಬಿಲ್ಲೇ ಇಲ್ಲ ಅಂದ್ರೂ ಬೇಡ.
• ತುಂಬಿದ ಗಾಡಿಯ ವೇ ಬ್ರಿಡ್ಜ್ ಚೀಟಿ ಕೇಳಿ. ಆರ್‌ಸಿಯಲ್ಲಿರೋ ಒಟ್ಟು ತೂಕಕ್ಕೆ ಹೋಲಿಸಿ.
• ದಾರೀಲಿ ಎಂಜಿನ್ ಒಂದು ಸಲ ಕಾರಣ ಇಲ್ಲದೆ ಆಫ್ ಆದ್ರೂ ಗ್ಯಾರೇಜ್ ಮೊದಲು, ಘಾಟಿ ಆಮೇಲೆ.
• ಇಳಿಯೋ ಮೊದಲು ಡ್ರೈವರ್ ಅಣ್ಣನಿಗೆ ಹೇಳಿ: "ಅಣ್ಣ, ಸೆಕೆಂಡಲ್ಲೇ ನಿಧಾನ ಇಳಿಸಿ, ನಮಗೆ ಅರ್ಜೆಂಟಿಲ್ಲ. ಡೀಸೆಲ್ ಹೆಚ್ಚಾದ್ರೆ ನಾವು ಕೊಡ್ತೀವಿ." ಈ ಕೊನೇ ವಾಕ್ಯ ಮರೀಬೇಡಿ.
• ವಾಸನೆ ಬಂದ್ರೆ ಪೆಡಲ್ ಇನ್ನೂ ಕೆಲಸ ಮಾಡ್ತಿರುವಾಗಲೇ ಜಾಗ ನೋಡಿ ನಿಲ್ಸಿ. ಅರ್ಧ ಗಂಟೆ ತಣ್ಣಗಾಗಲಿ. ಕಾದ ಚಕ್ರಕ್ಕೆ ನೀರು ಸುರೀಬೇಡಿ, ಡಿಸ್ಕ್ ಬಿರುಕು ಬಿಡಬಹುದು.

10/10
ಕೊನೇ ಮಾತು ನಮ್ಮ ಬಗ್ಗೆ. ಮಾಲೀಕರನ್ನ ಬೈದದ್ದಾಯ್ತು. ಆದ್ರೆ ಆ ಗಾಡಿಗೆ ಲೈಟ್ ಹಾಕ್ಸಿದ್ದು ಯಾರು? ನಾವೇ. ನಾವು ಲೈಟಿಗೆ ಲೈಕ್ ಒತ್ತಿದ್ವಿ, ಅವರು ಲೈಟ್ ಹಾಕಿದ್ರು. ಬಾಡಿಗೆ ಇಳಿಸಿ ಅಂದ್ವಿ, ಅವರು ಸರ್ವಿಸ್ ಇಳಿಸಿದ್ರು. ಗಿರಾಕಿ ಬ್ರೇಕ್ ಬಿಲ್ ಕೇಳೋಕೆ ಶುರು ಮಾಡಿದ್ರೆ ಬಿಲ್ಲೂ ಬರತ್ತೆ. ಒಬ್ಬ ಕೇಳಿದ್ರೆ ನಗ್ತಾರೆ. ಒಂದು ಕ್ಲಾಸಿಗೆ ಕ್ಲಾಸೇ ಕೇಳಿದ್ರೆ ನಗೋಕಾಗಲ್ಲ.

ಮತ್ತೆ ನಾನು. ವಾಸನೆ ಬಂದಾಗ ನನಗೆ ಗೊತ್ತಿತ್ತು. ನಾಲ್ಕು ವರ್ಷ ಕಲಿತದ್ದನ್ನ ಹೇಳೋಕೆ ಅವತ್ತು ನನ್ನ ಹತ್ತಿರ ಇದ್ದದ್ದು ಎರಡು ತಿರುವು, ಅಷ್ಟೇ. "ಅಣ್ಣ, ಸ್ವಲ್ಪ ನಿಲ್ಸಿ" ಅನ್ನೋ ಮೂರು ಪದ ಬಾಯಿಗೆ ಬರಲಿಲ್ಲ. ಪ್ಲೇಟ್ ಹಾಕಿಸಿಕೊಂಡ ಆ ಗೆಳೆಯ ಸೆಮಿಸ್ಟರ್ ಪರೀಕ್ಷೆಗೆ ಪೆನ್ನು ಹಿಡಿಯೋಕಾಗದೆ ಬೇರೆಯವರ ಕೈಯಲ್ಲಿ ಬರೆಸಿದ. "ನೀನೇನು ಮಾಡ್ತಿದ್ದೆ ಬಿಡೋ" ಅಂತ ಅವನೇ ನನಗೆ ಸಮಾಧಾನ ಹೇಳ್ತಾನೆ. ನಾನು ಏನು ಮಾಡ್ಬಹುದಿತ್ತು ಅಂತ ಮೇಲೆ ಬರೆದಿದ್ದೀನಿ.

ನಿಮ್ಮ ಗ್ಯಾಂಗಲ್ಲೂ ಒಬ್ಬ ಇರ್ತಾನೆ, ಇಲ್ಲ ಒಬ್ಬಳು ಇರ್ತಾಳೆ, ಮಧ್ಯದಲ್ಲಿ "ಏನೋ ವಾಸನೆ ಬರ್ತಿದೆ" ಅನ್ನೋರು. ಅವರನ್ನ ಪ್ರೊಫೆಸರ್ ಅಂತ ಆಡಿಕೊಳ್ಬೇಡಿ. ಹಾಡು ನಿಲ್ಲಿಸಿ, ಗಾಡಿ ನಿಲ್ಲಿಸಿ.

ಟ್ರಿಪ್ ಗ್ರೂಪಿಗೆ ಇದನ್ನ ಕಳ್ಸಿ. ಗಾಡಿ ನಂಬರ್ ಕೇಳಿದ್ದವರಿಗೆ: ಕೊಡಲ್ಲ ಗುರು.

#ಆಗುಂಬೆ #ಘಾಟಿ #ಕ್ಯಾಂಪರ್‌ವ್ಯಾನ್ #ಗೇರಲ್ಲಿಇಳಿಸಿ #ಬ್ರೇಕ್‌ಬಿಲ್‌ಕೇಳಿ